ಹಳ್ಳಕ್ಕೆ ಕಡವಿಲ್ಲ

ಬೆಣ್ಣಿಹಳ್ಳಕ್ಕೆ ಆ ಹೆಸರಿಟ್ಟ ಪುಣ್ಯಾತ್ಮ ಯಾರೋ, ಅವನು ಬೇಸಿಗೆಯಲ್ಲಿ ಬಂದು ಬೇಸಿಗೆಯಲ್ಲೇ ಹೋಗಿರಬೇಕು. ವರ್ಷದ ಬಹುಭಾಗ ಅದರ ಪಾತ್ರದಲ್ಲಿ ಎಮ್ಮೆಗಳು ಮಲಗುತ್ತವೆ, ಹುಡುಗರು ಗೋಲಿ ಆಡುತ್ತಾರೆ, ಚಕ್ಕಡಿಗಳು ಗಾಲಿ ನೆನೆಯದಂತೆ ದಾಟುತ್ತವೆ. ಮಳೆಗಾಲದ ಮಾತು ಬೇರೆ. ಮಳೆ ಬೀಳುವುದು ಎಲ್ಲೋ ಮೇಲೆ. ಇಲ್ಲಿ ಶಿರಗುಪ್ಪಿ ಸೀಮೆಯಲ್ಲಿ ಚುರುಗುಟ್ಟುವ ಬಿಸಿಲು. ಆ ಬಿಸಿಲಿನಲ್ಲೇ, ಒಂದು ಹನಿ ಬೀಳದಿದ್ದರೂ, ಕರಿಮಣ್ಣು ಕಲಸಿದ ನೀರು ಗುಡುಗುಡು ಬಂದು ದಂಡೆಯ ಜಾಲಿಗಿಡಗಳ ಸೊಂಟ ಮುಟ್ಟುತ್ತದೆ. ಬಂದ ನೀರಿಗೆ ಎತ್ತು, ಬಣವೆ, ಮನುಷ್ಯ ಎಲ್ಲವೂ ಒಂದೇ. ಮಾರನೆಯ ದಿನ ನೋಡಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಪಾದ ಮುಳುಗುವಷ್ಟು ನೀರು.

ಆ ದಂಡೆಯ ಮೇಲಿನ ಒಂದು ಸಣ್ಣ ಊರಿನಲ್ಲಿ ಕುಂಬಾರ ಮುರಿಗೆವ್ವ ಇದ್ದಳು. ಗಂಡ ಶಿದ್ದಪ್ಪ ತಿಗರಿ ತಿರುಗಿಸುವವನು, ಅವನ ಬಾಯಿ ಮಾತ್ರ ತಿರುಗುತ್ತಿರಲಿಲ್ಲ. ಅವನ ಪಾಲಿನ ಮಾತನ್ನೂ ಮುರಿಗೆವ್ವನೇ ಆಡಿ ತೀರಿಸುತ್ತಿದ್ದಳು. ಹುಬ್ಬಳ್ಳಿಯ ದುರ್ಗದಬೈಲಿಗೆ ಚಕ್ಕಡಿಯಲ್ಲಿ ಗಡಿಗೆ ತಂದು ಮಾರುವಾಗ, ಕೊಳ್ಳುವವರು ಒಮ್ಮೆ ಬೆರಳಿನಿಂದ ಬಡಿದು ನೋಡಿದರೆ ಸುಮ್ಮನಿರುತ್ತಿದ್ದಳು. ಎರಡನೆಯ ಸಲ ಬಡಿದರೆ ಗಡಿಗೆ ಕಸಿದುಕೊಂಡು, ಮನೆಗೆ ಹೋಗಿ ನಿನ್ನ ಗಂಡನ ತಲೆ ಬಡಿದು ನೋಡು, ಟೊಳ್ಳು ಇರುವುದು ಅಲ್ಲಿ ಎನ್ನುತ್ತಿದ್ದಳು. ಆದರೂ ಜನ ಅವಳ ಹತ್ತಿರವೇ ಬರುತ್ತಿದ್ದರು. ಗಡಿಗೆ ಗಟ್ಟಿ ಇರುತ್ತಿತ್ತು.

ಆ ಬಾಯಿಗೆ ಕಹಿ ಸೇರಿದ್ದು ಹಿರಿಯ ಮಗಳು ಕಸ್ತೂರೆವ್ವ ಸತ್ತ ಮೇಲೆ. ಅವಳನ್ನು ಕೊಟ್ಟದ್ದು ಆಚೆ ದಂಡೆಯ ಊರಿಗೆ. ಮೊದಲ ಹೆರಿಗೆ ತವರಿನಲ್ಲಿ ಆಗಬೇಕಲ್ಲ, ಚಕ್ಕಡಿಯಲ್ಲಿ ಕರೆದುಕೊಂಡು ಹೊರಟರು. ದಂಡೆಗೆ ಬರುವುದಕ್ಕೂ ಹಳ್ಳ ಬರುವುದಕ್ಕೂ ಸರಿಹೋಯಿತು. ಆಚೆ ಬನ್ನಿಗಿಡದ ಕೆಳಗೆ ಚಕ್ಕಡಿ ನಿಂತದ್ದು, ಯಾರೋ ಸೀರೆ ಮರೆಮಾಡಿ ಹಿಡಿದದ್ದು ಈಚೆಯಿಂದ ಮುರಿಗೆವ್ವನಿಗೆ ಕಾಣುತ್ತಿತ್ತು. ಊರಿನ ಅರ್ಧ ಕೂಸುಗಳನ್ನು ಕೈಯಲ್ಲಿ ಹಿಡಿದ ಹೆಂಗಸು ಅವಳು. ಹೀಗೆ ಮಾಡ್ರಿ, ಹಾಗೆ ಮಾಡ್ರಿ ಎಂದು ಗಂಟಲು ಹರಿಯುವಂತೆ ಕೂಗಿದಳು. ನೀರಿನ ಸಪ್ಪಳದಲ್ಲಿ ಒಂದು ಮಾತೂ ಮುಟ್ಟಲಿಲ್ಲ. ಹೊತ್ತು ಮುಳುಗುವುದರೊಳಗೆ ತಾಯಿ ಮಗು ಇಬ್ಬರೂ ಹೋದರು. ಮರುದಿನ ಮುರಿಗೆವ್ವ ಆಚೆ ದಂಡೆ ಏರಿದಾಗ ಅವಳ ಪಾದ ಮಾತ್ರ ನೆನೆದಿದ್ದವು. ಅದನ್ನೇ ಅವಳು ಎಂದಿಗೂ ಕ್ಷಮಿಸಲಿಲ್ಲ.

ಸಮಾಧಾನ ಹೇಳಲು ಬಂದವರು ಹಣೆಬರಹ ಎಂದರು. “ಹಣಿಬರಹ ಬರದಾಂವ ಶಿವ,” ಎಂದಳು ಮುರಿಗೆವ್ವ. “ಈ ದಂಡಿಗೆ ಒಂದು ದೋಣಿ ಇಡದಾಂವ ಶಿವ ಅಲ್ಲ. ಅವ ಯಾವಾಂವ, ಎಲ್ಲಿ ಕುಂತಾನ, ಅಷ್ಟ ಹೇಳ್ರಿ.”

ಯಾರಿಗೂ ಗೊತ್ತಿರಲಿಲ್ಲ.

ಕುಂಬಾರರ ಮನೆಗಳೇ ಬೆರಳೆಣಿಕೆ, ಸಂಬಂಧಕ್ಕೆ ದೂರ ಹೋಗುವ ತಾಕತ್ತಿಲ್ಲ. ಹೀಗಾಗಿ ಕಿರಿಯ ಮಗಳು ಶಿವಲಿಂಗವ್ವನೂ ಆಚೆ ದಂಡೆಯ ಊರಿಗೇ ಸೊಸೆಯಾಗಿ ಹೋದಳು. ಹೋದವಳು ಬಸುರಾದಳು. ದಿನ ತುಂಬುವುದು ಶ್ರಾವಣದಲ್ಲಿ, ಎಂದರೆ ಹಳ್ಳ ಮನಬಂದಂತೆ ಕುಣಿಯುವ ಹೊತ್ತಿಗೆ. ಮೊದಲೇ ಕಳಿಸಿಬಿಡಿ ಎಂದು ಮುರಿಗೆವ್ವ ಬೀಗಿತಿಯ ಕೈಕಾಲು ಹಿಡಿದಳು. ಬಿತ್ತನೆ ಮುಗಿದು ಕಳೆ ತೆಗೆಯುವ ತನಕ ಸೊಸೆಯನ್ನು ಬಿಡಲಾಗದು, ಬಸುರಿಗೆ ಮಾಡುವ ಕುಬಸದ ಕಾರ್ಯವೂ ಆಗಬೇಕು ಎಂದಳು ಆಕೆ. ಮುರಿಗೆವ್ವನೇ ಅಲ್ಲಿ ಹೋಗಿ ಹೆರಿಗೆ ಮಾಡಿಸಬಹುದಿತ್ತು ಎಂದು ನೀವು ಅನ್ನಬಹುದು. ಬೀಗರ ಮನೆಯಲ್ಲಿ ಮಗಳ ಮೊದಲ ಬಾಣಂತನ ಮಾಡಿದ ತವರನ್ನು ಜನ ಹೇಗೆ ಆಡಿಕೊಳ್ಳುತ್ತಾರೆಂದು ಗೊತ್ತಿದ್ದವರು ಹಾಗೆ ಅನ್ನುವುದಿಲ್ಲ. ಅಲ್ಲದೆ ಹೆರಿಗೆ ಕಷ್ಟವಾದರೆ ಹುಬ್ಬಳ್ಳಿಯ ದವಾಖಾನೆ ಇರುವುದು ಈಚೆ ದಂಡೆಗೆ.

ಅಷ್ಟರಲ್ಲಿ ದೋಣಿ ಇಡುವವರು ಎಲ್ಲಿ ಕುಳಿತಿದ್ದಾರೆಂದು ಊರ ಗೌಡ ಪತ್ತೆ ಹಚ್ಚಿ ಹೇಳಿದ. ಧಾರವಾಡದಲ್ಲಿ ಕಡವು ಕಮಿಟಿ ಎಂಬುದೊಂದಿತ್ತು. ಎಲ್ಲೆಲ್ಲಿ ದೋಣಿ, ಹರಗೋಲು ಇಡಬೇಕು, ಯಾರು ನಡೆಸಬೇಕು ಎಂಬುದೆಲ್ಲ ಅವರ ಕೈಯಲ್ಲಿ. ಮುರಿಗೆವ್ವ ರೊಟ್ಟಿ ಬುತ್ತಿ ಕಟ್ಟಿಕೊಂಡು ಹುಬ್ಬಳ್ಳಿಯಿಂದ ರೈಲು ಹತ್ತಿ ಹೋದಳು.

ಕಮಿಟಿಯ ಸೆಕ್ರೆಟರಿ ರಮಾಕಾಂತರಾಯರು ಕೆಟ್ಟವರಲ್ಲ. ಅದೇ ದುಃಖದ ಸಂಗತಿ. ಕೆಟ್ಟವರಾಗಿದ್ದರೆ ಬೈದಾದರೂ ಬರಬಹುದಿತ್ತು. ಜರಿ ರುಮಾಲು, ಮೆದು ಮಾತು. ಮುರಿಗೆವ್ವನನ್ನು ಕೂಡ್ರಿಸಿ ಎಲ್ಲ ಕೇಳಿಸಿಕೊಂಡರು. ಕಸ್ತೂರೆವ್ವನ ಸುದ್ದಿ ಬಂದಾಗ ಚ್ಚ್ ಚ್ಚ್ ಎಂದರು. ಆಮೇಲೆ ಗೋಡೆಯ ಮೇಲಿನ ನಕಾಶೆ ತೋರಿಸಿದರು. ಕಡವು ಇಡುವುದು ಹೊಳೆಗಳಿಗೆ. ಮಲಪ್ರಭೆ ಹೊಳೆ, ತುಂಗಭದ್ರೆ ಹೊಳೆ. ಇದು ಹಳ್ಳ.

“ಆದರ ಅದರಾಗ ಆನಿ ಮುಳಗತಾವ್ರಿ, ರಾಯರ,” ಎಂದಳು ಮುರಿಗೆವ್ವ.

“ಮುಳಗತಿರಬಹುದು. ನಾ ಇಲ್ಲ ಅನ್ನೂದಿಲ್ಲ. ಆದರ ಹೆಸರಿನಾಗ ಹಳ್ಳ ಅಂತ ಅದ ನೋಡು. ಬೆಣ್ಣಿಹಳ್ಳ. ಹಳ್ಳಕ್ಕ ಕಡವಿಲ್ಲ.”

“ಹೆಸರಿನಾಗ ಬೆಣ್ಣೀನೂ ಐತಿ. ಅದನ್ನ ರೊಟ್ಟಿಗೆ ಹಚ್ಚಿಕೊಂಡು ತಿಂದೀರೇನ್ರಿ?”

ಪಕ್ಕದಲ್ಲಿದ್ದ ಕಚೇರಿಯ ಆಳು ಪಟ್ಟೇವಾಲಾ ನಗು ತಡೆಯಲಾರದೆ ಹೊರಗೆ ಹೋದ. ರಾಯರೂ ಮುಗುಳ್ನಕ್ಕರು. ಕಮಿಟಿಯ ಅಧ್ಯಕ್ಷರು ಸಂಜೆ ಸಂಘದ ಸಭಾಗೃಹಕ್ಕೆ ಬರುತ್ತಾರೆ, ಅಲ್ಲಿ ಇಂದು ಉಪನ್ಯಾಸ ಮಾಡುವವರು ತಾವೇ, ಬೇಕಾದರೆ ಅಧ್ಯಕ್ಷರನ್ನೇ ಕಂಡು ಕೇಳಿಕೋ ಎಂದರು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎನ್ನುತ್ತಾರೆ. ಇಲ್ಲಿ ಬೆಣ್ಣಿಹಳ್ಳದ ಕಣ್ಣಿಗೇ ಸುಣ್ಣ ಬಿದ್ದಿತ್ತು.

ಆ ಸಂಜೆಯ ಉಪನ್ಯಾಸದ ವಿಷಯವನ್ನು ಕೇಳಿದರೆ ನಿಮ್ಮ ಮೈಯೂ ಉರಿಯುತ್ತದೆ: ನಮ್ಮ ಪೂರ್ವಜರ ನೌಕಾಯಾನ. ಮುರಿಗೆವ್ವ ಹೆಂಗಸರ ಕಡೆ ಚಾಪೆಯ ತುದಿಯಲ್ಲಿ ಕುಳಿತಳು. ದೀಪ ಆರಿಸಿ, ಮ್ಯಾಜಿಕ್ ಲ್ಯಾಂಟರ್ನಿನಿಂದ ಬಿಳಿ ಧೋತರದ ಮೇಲೆ ಚಿತ್ರ ಬಿಡತೊಡಗಿದರು. ಮೊದಲನೆಯ ಚಿತ್ರದಲ್ಲಿ ಅರೆಬತ್ತಲೆ ಮನುಷ್ಯನೊಬ್ಬ ಬೋರಲು ಗಡಿಗೆಗಳನ್ನು ಬಿದಿರಿಗೆ ಕಟ್ಟಿ ಅದರ ಮೇಲೆ ಕುಳಿತು ನೀರು ದಾಟುತ್ತಿದ್ದ. ಇವನು ಆದಿಮಾನವ, ಹಡಗಿನ ಮುತ್ತಜ್ಜ ಇದೇ ಎಂದರು ರಾಯರು, ಸಭೆ ನಕ್ಕಿತು. ಆಮೇಲೆ ಕೊರೆದ ಮರದ ದೋಣಿ, ತೊಗಲಿನ ಹರಗೋಲು. ಆಮೇಲೆ ಎರಡು ಕೂವೆಕಂಬದ ದೊಡ್ಡ ಹಡಗುಗಳು, ಹಾಯಿಗಳು, ಮೆಣಸು ಅರಿವೆ ಹೇರಿಕೊಂಡು ಜಾವಾ ದ್ವೀಪಕ್ಕೆ ಹೊರಟ ವ್ಯಾಪಾರಿಗಳು. ನಡುಸಮುದ್ರದಲ್ಲಿ ದಿಕ್ಕು ತಪ್ಪಿದರೆ ಪಂಜರದ ಕಾಗೆ ಹಾರಿಸಿ, ಅದು ಹೋದತ್ತ ನೆಲವಿದೆಯೆಂದು ತಿಳಿಯುತ್ತಿದ್ದರಂತೆ. ಸಮುದ್ರವೇ ನಮಗೆ ಮನೆಯಂಗಳವಾಗಿತ್ತು ಎಂದು ರಾಯರು ಮುಗಿಸಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ.

ದೀಪ ಹಚ್ಚಿದರು. ಯಾರಿಗಾದರೂ ಏನಾದರೂ ಕೇಳುವುದಿದ್ದರೆ ಕೇಳಬಹುದು ಎಂದರು ಅಧ್ಯಕ್ಷರು. ಮುರಿಗೆವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

“ಜಾವಾಕ್ಕ ಹೋಗಿದ್ದು ಛಲೋ ಆತ್ರಿ,” ಎಂದಳು. “ನನ್ನ ಮಗಳು ಶಿರಗುಪ್ಪಿ ಕಡೆ ದಂಡಿಗೆ ಹೆಂಗ ಬರಬೇಕು?”

ಸಭೆಯೆಲ್ಲ ಹೋ ಎಂದು ನಕ್ಕಿತು. ಅಧ್ಯಕ್ಷರು ನಕ್ಕರು, ರಾಯರೂ ನಕ್ಕರು. ತಮಾಷೆಗಾಗಿ ಕೇಳಿದ್ದಾಳೆಂದೇ ಅವರೆಲ್ಲ ತಿಳಿದರು. ಮುಂದಿನ ಸಾಲಿನವರೊಬ್ಬರು ಹಳ್ಳಿಯವರ ಹಾಸ್ಯಪ್ರಜ್ಞೆ ಕಂಡಿರಾ ಎಂದು ಪಕ್ಕದವರಿಗೆ ಹೇಳಿದರು. ಸಾವಿರ ವರ್ಷದ ಹಿಂದೆ ಸಮುದ್ರ ದಾಟಿದವರಿಗೆ ಚಪ್ಪಾಳೆ, ಬರುವ ಶ್ರಾವಣದಲ್ಲಿ ಹಳ್ಳ ದಾಟಬೇಕಾದವಳಿಗೆ ನಗೆ. ಇದಕ್ಕೆ ವಿದ್ಯೆ ಎನ್ನುತ್ತಾರಂತೆ.

ರೈಲಿನಲ್ಲಿ ಬರುತ್ತ ಮುರಿಗೆವ್ವ ಅತ್ತಳು. ಆಮೇಲೆ ಅಳು ನಿಂತು ಆ ಬತ್ತಲೆ ಮನುಷ್ಯ ನೆನಪಾದ. ಹಡಗಿನ ಮುತ್ತಜ್ಜ ಕುಂಬಾರನೇ ಇದ್ದನಲ್ಲ! ಆದಿಮಾನವ ಆದರೇನಾಯಿತು, ದಾಟಿದನಲ್ಲ.

ಮನೆಯಲ್ಲಿ ಅವಳು ಆ ಚಿತ್ರದ ಸುದ್ದಿ ಹೇಳಿದ್ದೇ ತಡ, ಶಿದ್ದಪ್ಪ ಆವಿಗೆಯಿಂದ ಆಗಷ್ಟೇ ತೆಗೆದ ದೊಡ್ಡ ಹೊಟ್ಟೆಯ ನೀರಿನ ಹರವಿಗಳಲ್ಲಿ ಚೆನ್ನಾದವನ್ನು ಆರಿಸಿದ. ಬಾಯಿಗೆ ತೊಗಲು ಬಿಗಿದು, ಹಗ್ಗ ಹೆಣೆದ ಮಂಚ, ಒಂದು ಹೊರಸಿನ ಕೆಳಗೆ ಪುಂಡಿನಾರಿನ ಹಗ್ಗದಿಂದ ಕಟ್ಟಿ, ಕೆರೆಯಲ್ಲಿ ತೇಲಿಬಿಟ್ಟರು. ಶಿದ್ದಪ್ಪ ಮೇಲೆ ಕುಳಿತ. ಹೊರಸು ಮೊದಲು ತೇಲಿತು. ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಒಂದು ಮಗ್ಗುಲು ಇಳಿಯಿತು, ಮತ್ತೊಂದು ಮಗ್ಗುಲೂ ಇಳಿಯಿತು, ಶಿದ್ದಪ್ಪ ಒಂದು ಮಾತೂ ಆಡದೆ ಎದೆಯವರೆಗೆ ಮುಳುಗಿದ. ಊರೆಲ್ಲ ನಕ್ಕಿತು. ಇಂಥ ತಪ್ಪು ಕುಂಬಾರರಲ್ಲದೆ ಬೇರೆ ಯಾರೂ ಮಾಡಲಾರರು. ನೀರು ತಣ್ಣಗಿರಲೆಂದು ಬೆವರುವ ಹರವಿ ಮಾಡುವುದೇ ಅವರ ಹೆಮ್ಮೆ. ಬೆವರುವ ಹರವಿ ನೀರನ್ನು ಒಳಗೂ ಎಳೆದುಕೊಳ್ಳುತ್ತದೆ. ತೇಲಲು ಬೇಕಾದದ್ದು ಹಳೆಯ ಹರವಿ, ಎಣ್ಣೆಯೋ ಉಪ್ಪಿನಕಾಯಿಯೋ ತುಂಬಿ ಮೈಯ ರಂಧ್ರವೆಲ್ಲ ಮುಚ್ಚಿ ಕಪ್ಪಾದದ್ದು. ಇಷ್ಟು ವರ್ಷ ಹಳೆಯದನ್ನು ಒಡೆದು ಹೊಸದನ್ನು ಕೊಳ್ಳಿರೆಂದು ಕೂಗಿದವಳು ಈಗ ಮನೆಮನೆಗೆ ಹೋಗಿ, ಹಳೆಯದು ಕೊಟ್ಟು ಹೊಸದು ಒಯ್ಯಿರಿ ಎಂದಳು. ತಲೆ ಕೆಟ್ಟಿದೆ ಎಂದುಕೊಂಡು ಕೆಲವರು ಸಂತೋಷದಿಂದ ಕೊಟ್ಟರು. ಅತ್ತೆಯ ಕಾಲದ ಹರವಿ ಕೊಡುವುದಿಲ್ಲವೆಂದು ಗೌಡನ ಹೆಂಡತಿ ಗೌಡಶಾನಿಯಂಥವರು ಬಾಗಿಲು ಹಾಕಿಕೊಂಡರು.

ಈ ಸಲ ಹೊರಸು ಮುಳುಗಲಿಲ್ಲ. ಎರಡೂ ದಂಡೆಯ ಗಿಡಗಳಿಗೆ ಒಂದು ಹಗ್ಗ ಬಿಗಿದು, ಹೊರಸನ್ನು ಕುಣಿಕೆ ಹಾಕಿ ಅದರ ಮೇಲೆ ಬಳೆಯಂತೆ ಜಾರುವ ಹಾಗೆ ಸಿಕ್ಕಿಸಿ, ಎರಡು ಕಡೆಯಿಂದ ಎಳೆಯಲು ಎರಡು ಹಗ್ಗ ಕಟ್ಟಿದರು. ಮೊದಲ ನೆರೆ ಬಂದಾಗ ಜ್ವರದ ಮುದುಕನೊಬ್ಬನನ್ನು ದಾಟಿಸಿದರು. ಆಮೇಲೆ ಬೀಜದ ಚೀಲ, ಮದುವೆಯ ಮುತ್ತೈದೆಯರು. ಮುರಿಗೆವ್ವ ಯಾರ ಕಾಸನ್ನೂ ಮುಟ್ಟಲಿಲ್ಲ. ಶ್ರಾವಣ ಬರಲಿ, ನನ್ನ ಮಗಳು ದಾಟಲಿ, ಸಾಕು ಎನ್ನುತ್ತಿದ್ದಳು.

ಶ್ರಾವಣಕ್ಕಿಂತ ಮೊದಲು ರಮಾಕಾಂತರಾಯರು ಬಂದರು. ಸುದ್ದಿ ಯಾರು ಮುಟ್ಟಿಸಿದರೋ. ಇಬ್ಬರು ಪಟ್ಟೇವಾಲಾರು, ಮೇಲೆ ಕೊಡೆ. ಅಂದು ನಿಚ್ಚಳ ಬಿಸಿಲು, ಹಳ್ಳದಲ್ಲಿ ಕಾಲುಬೆರಳು ನೆನೆಯುವಷ್ಟೇ ನೀರು. ಪರವಾನಗಿ ಇಲ್ಲದೆ ಕಡವು ನಡೆಸುವುದು ಕಾಯ್ದೆಗೆ ವಿರುದ್ಧ, ನಾಳೆ ಯಾರಾದರೂ ಮುಳುಗಿದರೆ ಕಮಿಟಿಯ ಹೆಸರು ಕೆಡುತ್ತದೆ ಎಂದು ರಾಯರು ಮೆದುವಾಗಿಯೇ ಹೇಳಿದರು.

“ಒಂದ ಮಾತು ಹೇಳ್ರಿ, ರಾಯರ,” ಎಂದಳು ಮುರಿಗೆವ್ವ. “ಇದು ಹೊಳಿ ಆದರ ದೋಣಿ ಕೊಡ್ರಿ. ಹಳ್ಳ ಆದರ ಹಳ್ಳಕ್ಕ ಕಡವಿಲ್ಲ ಅಂತ ನೀವ ಹೇಳೀರಿ. ಇಲ್ಲದ ಕಡವು ನಾ ಹೆಂಗ ನಡಸಿದೆ?”

ರಾಯರು ರುಮಾಲು ತೆಗೆದು ಹಣೆ ಒರೆಸಿಕೊಂಡರು. “ಕೊಡೂದಕ್ಕ ಅದು ಹಳ್ಳ,” ಎಂದರು. “ತಡಿಯೂದಕ್ಕ ನೀರು. ಕಾಯ್ದೆ ಹಂಗ ಅದ, ನಾ ಏನ ಮಾಡಲಿ?”

ಪಟ್ಟೇವಾಲಾರು ಬಡಿಗೆ ಎತ್ತಿದರು; ಹೊರಸು, ದಂಡೆಯಿಂದ ದಂಡೆಗೆ ಕಟ್ಟಿದ ಹಗ್ಗಗಳನ್ನು ಬಿಟ್ಟು ಹರವಿಗಳನ್ನಷ್ಟೇ ಒಡೆದರು. ಗಡಿಗೆ ಒಡೆಯುವ ಸಪ್ಪಳ ಕುಂಬಾರರಿಗೆ ಹೊಸದಲ್ಲ, ಆದರೆ ಒಂದೊಂದು ಹರವಿ ಒಡೆದಾಗಲೂ ಶಿದ್ದಪ್ಪ ತನಗೇ ಏಟು ಬಿದ್ದಂತೆ ಭುಜ ಕುಗ್ಗಿಸಿದ. ಕೆಲಸ ಮುಗಿಸಿ, ಆಚೆ ಊರಿನಲ್ಲಿ ಯಾರು ಯಾರು ದಾಟಿದ್ದಾರೆಂದು ವಿಚಾರಿಸಲು ರಾಯರು ಧೋತರ ತುಸು ಎತ್ತಿ ಹಿಡಿದು, ಒಬ್ಬ ಪಟ್ಟೇವಾಲಾನೊಡನೆ ಹಳ್ಳ ದಾಟಿ ನಡೆದು ಹೋದರು.

ಅವರು ತಿರುಗಿ ದಂಡೆಗೆ ಬರುವಷ್ಟರಲ್ಲಿ ಹಳ್ಳವೂ ಬಂದಿತ್ತು. ಅದೇ ಬಿಸಿಲು, ಅದೇ ನಿಚ್ಚಳ ಆಕಾಶ, ನಡುವೆ ಕರಿನೀರು. ಬನ್ನಿಗಿಡದ ಕೆಳಗೆ ರಾಯರು ಕೊಡೆ ಹಿಡಿದು ನಿಂತದ್ದು ಈಚೆಯವರಿಗೆ ಕಂಡಿತು. ಅವರ ಹಿಂದಿನಿಂದ ಒಂದು ಚಕ್ಕಡಿ ಬಂದು ಅದೇ ಗಿಡದ ಕೆಳಗೆ ನಿಂತಿತು. ಚಕ್ಕಡಿಯಿಂದ ಇಳಿದವನು ಅಳಿಯ. ಯಾರೋ ಸೀರೆ ಮರೆಮಾಡಿ ಹಿಡಿದರು.

ಮುರಿಗೆವ್ವನ ಕಾಲಡಿಯಲ್ಲಿ ಬರೀ ಒಡೆದ ಹರವಿಗಳ ಬೋಕಿ. ದಿನಕ್ಕಿಂತ ಮೊದಲೇ ನೋವು ಎದ್ದಿದೆ, ಅದಕ್ಕೇ ಅವಸರದಲ್ಲಿ ಕರೆತಂದಿದ್ದಾರೆ. ಇದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಂಗಳದಲ್ಲಿ ಹೊಸ ಹರವಿಗಳ ಸಾಲೇ ಇತ್ತು, ಮುಳುಗಲು ಒಂದಕ್ಕಿಂತ ಒಂದು ಚೆನ್ನಾದವು. ಅವಳು ಓಣಿಗೆ ಓಡಿದಳು. ದುರ್ಗದಬೈಲಿನ ಆ ಗಂಟಲನ್ನು ಅಂದು ಊರಿಗೆ ಊರೇ ಕೇಳಿತು. ಹರವಿ ಕೊಡ್ರಿ, ಹಳೇ ಹರವಿ ಕೊಡ್ರಿ. ಯಾರು ಮೊದಲು ತಂದರೋ ತಿಳಿಯದು, ಎಲ್ಲರೂ ತಂದರು. ಗಾಣದವರು ಎಣ್ಣೆ ಬಸಿದು ತಂದರು. ಗೌಡಶಾನಿ ಅತ್ತೆಯ ಕಾಲದ ಹರವಿಯ ಉಪ್ಪಿನಕಾಯಿಯನ್ನು ಅಂಗಳದಲ್ಲೇ ಸುರಿದು, ತಾನೇ ಸೊಂಟದ ಮೇಲಿಟ್ಟುಕೊಂಡು ಓಡಿ ಬಂದಳು. ಈಚೆ ಉಳಿದಿದ್ದ ಪಟ್ಟೇವಾಲಾ, ಬೆಳಿಗ್ಗೆ ಬಡಿಗೆ ಬೀಸಿದವನು, ಕೇಳದೆಯೇ ಕುಳಿತು ಹಗ್ಗ ಬಿಗಿದ.

ಮುರಿಗೆವ್ವ ಹೊರಸಿನ ಮೇಲೆ ಕುಳಿತಳು. ಈಜು ಬಾರದು. ಆಚೆ ಅಳಿಯ, ಪಟ್ಟೇವಾಲಾ ಇಬ್ಬರಿಂದಲೇ ಎಳೆಯಲಾಗುತ್ತಿರಲಿಲ್ಲ. ನಡುನೀರಿನಲ್ಲಿ ಹೊರಸು ಸೆಳೆತಕ್ಕೆ ಸಿಕ್ಕು ನಿಂತಾಗ ಅವಳು ರಾಯರ ಕಡೆ ಕೈ ಮಾಡಿ ಕೂಗಿದಳು. ಕೊಡೆ ಬಿತ್ತು. ರಮಾಕಾಂತರಾಯರು ಕಚ್ಚೆ ಬಿಗಿದು ಹಗ್ಗಕ್ಕೆ ಕೈ ಹಾಕಿದರು. ಲೇಖನಿ ಹಿಡಿದ ಕೈ, ಪುಂಡಿನಾರು ಉಜ್ಜಿ ಅಂಗೈಯ ಚರ್ಮ ಎದ್ದು ಬಂತು. ಆದರೂ ಬಿಡಲಿಲ್ಲ, ಅಷ್ಟು ಮಾತ್ರ ಅವರ ಪರವಾಗಿ ಹೇಳಬೇಕು. ಹೊರಸು ದಂಡೆ ಮುಟ್ಟಿತು, ಶಿವಲಿಂಗವ್ವನನ್ನು ಅದರ ಮೇಲೆ ಮಲಗಿಸಿದರು, ಈಚೆಯಿಂದ ಊರು ಎಳೆಯಿತು, ಆಚೆಯಿಂದ ರಾಯರೂ ಉಳಿದಿಬ್ಬರೂ ಹಗ್ಗ ಸಡಿಲಿಸುತ್ತ ಹೋದರು. ದಾರಿಯಲ್ಲಿ ತೇಲಿಬಂದ ಬೊಡ್ಡೆಯೊಂದು ಬಡಿದು ಎರಡು ಹರವಿ ಒಡೆದವು. ಮಗಳ ಕಾಲು ನೀರಿಗೆ ತಾಗಿತು. ಮುರಿಗೆವ್ವ ಅವಳನ್ನು ತಬ್ಬಿ ಹಿಡಿದು, ಗಂಗೆಯನ್ನಲ್ಲ, ಕಮಿಟಿಯನ್ನು ಬೈಯುತ್ತ ಈಚೆ ದಂಡೆ ಮುಟ್ಟಿದಳು.

ಮಗಳನ್ನು ಚಕ್ಕಡಿಗೆ ಹತ್ತಿಸಿದ ಮೇಲೆ ಒಮ್ಮೆ ತಿರುಗಿ ನೋಡಿದಳು. ಹರವಿ ಒಡೆದ ಹೊರಸು ಮತ್ತೊಂದು ಸಲ ಹೋಗುವಂತಿರಲಿಲ್ಲ; ಹೋಗುವಂತಿದ್ದರೂ ಅವಳು ಕಳಿಸುತ್ತಿದ್ದಳೆಂದು ಹೇಳಲಾರೆ. ನೀರು ಸ್ವಲ್ಪ ತಗ್ಗಿ ಸಪ್ಪಳ ಕಡಿಮೆಯಾಗಿತ್ತು, ಈ ಸಲ ಮಾತು ಆಚೆ ಮುಟ್ಟಿತು.

“ಅದು ಹಳ್ಳ ಐತ್ರಿ, ರಾಯರ,” ಎಂದಳು. “ನಡಕೊಂಡ ಬರ್ರಿ.”

ರಾಯರು ಆ ರಾತ್ರಿಯೆಲ್ಲ ಬನ್ನಿಗಿಡದ ಕೆಳಗೆ ಕುಳಿತರು. ಬೀಗರ ಮನೆಯವರೇ ರೊಟ್ಟಿ ಖಾರ ತಂದುಕೊಟ್ಟರಂತೆ. ಈಚೆ ತವರುಮನೆಯಲ್ಲಿ ಶಿವಲಿಂಗವ್ವ ಹೆಣ್ಣು ಹಡೆದಳು, ತಾಯಿ ಮಗು ಇಬ್ಬರೂ ಗಟ್ಟಿಮುಟ್ಟು.

ಇನ್ನಾದರೂ ದೋಣಿ ಬರುತ್ತದೆಂದು ಊರು ಕಾಯಿತು. ಕಣ್ಣಾರೆ ಕಂಡವರು, ಅಂಗೈಯ ಚರ್ಮ ಕಳೆದುಕೊಂಡವರು, ಅವರಿಗಾದರೂ ತಿಳಿಯದೆ ಇದ್ದೀತೆ? ಕೂಸಿನ ತೊಟ್ಟಿಲಿಗೆ ಸಾಮಾನು ತರಲು ಮುರಿಗೆವ್ವ ಹುಬ್ಬಳ್ಳಿಗೆ ಹೋದ ದಿನ, ಆ ಹಗ್ಗ ಬಿಗಿದ ಪಟ್ಟೇವಾಲಾ ದುರ್ಗದಬೈಲಿನಲ್ಲಿ ಭೆಟ್ಟಿಯಾದ. ತಲೆ ತಗ್ಗಿಸಿಕೊಂಡೇ ಹೇಳಿದ. ಆ ರಾತ್ರಿಯ ಭತ್ಯೆ ಕೇಳಿ ರಾಯರು ಬರೆದರಂತೆ, ಹೊಳೆ ತುಂಬಿ ಹರಿದ ಕಾರಣ ಆಚೆ ದಂಡೆಯಲ್ಲಿ ತಂಗಬೇಕಾಯಿತು ಎಂದು. ಭತ್ಯೆ ಮಂಜೂರಾಯಿತು. ಮುರಿಗೆವ್ವನ ದೋಣಿಯ ವಿಷಯವೂ ಅದೇ ದಿನ ಮುಂದೆ ಬಂದಿತ್ತಂತೆ. ಅದಕ್ಕೆ ಅದೇ ಕೈಯಿಂದ ಬರೆದರು, ಹಳ್ಳಕ್ಕೆ ಕಡವಿಲ್ಲ.

ಮುರಿಗೆವ್ವ ತೊಟ್ಟಿಲಿನ ಸಾಮಾನಿನ ಗಂಟು ತಲೆಗೇರಿಸಿ ಊರ ದಾರಿ ಹಿಡಿದಳು.

ತೊಟ್ಟಿಲಿಗೆ ಹಾಕುವ ದಿನ ಬೀಗರೆಲ್ಲ ಬಂದರು. ಕಸ್ತೂರೆವ್ವನ ಹೆಸರೇ ಇಡೋಣವೆಂದು ಬೀಗಿತಿ ಕಣ್ಣೀರು ತಂದುಕೊಂಡಳು. ಗಂಗವ್ವ ಎಂದರು ಕೆಲವರು. ಮುರಿಗೆವ್ವ ಯಾವುದಕ್ಕೂ ಒಪ್ಪಲಿಲ್ಲ. ಕೂಸಿನ ಸೋದರತ್ತೆ ಬಗ್ಗಿ ಕಿವಿಯಲ್ಲಿ ಹೆಸರು ಕರೆಯುವ ಹೊತ್ತಿಗೆ, ತಾನು ಹೇಳಿದ್ದನ್ನೇ ಕರೆಯಬೇಕೆಂದಳು. ಅತ್ತೆ ಬಗ್ಗಿ ಕರೆದಳು: ಹೊಳೆವ್ವ. ಮುರಿಗೆವ್ವನಿಗೆ ಸಾಲದಾಯಿತು. ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಬಂದು, ಧಾರವಾಡದ ದಿಕ್ಕಿಗೆ ಮುಖ ಮಾಡಿ, ದುರ್ಗದಬೈಲಿನ ಗಂಟಲಿನಿಂದ ಅದೇ ಹೆಸರನ್ನು ಕೂಗಿದಳು. ಕೂಸು ಬೆಚ್ಚಿ ಅಳತೊಡಗಿತು.

“ಹೆಸರಿನಾಗ ಇದ್ದದ್ದ ಖರೇ ಅಂತಾರ ಅವರು,” ಎಂದಳು ಮುರಿಗೆವ್ವ, ಕೂಸಿನ ಬೆನ್ನು ತಟ್ಟುತ್ತ. “ಇಕಿ ಹೆಸರಿನಾಗ ಹೊಳಿ ಐತಿ. ಇನ್ನ ದೋಣಿ ಕೊಡಲಿ.”